ಯಂತ್ರದ ಸಲಹೆಗೆ ಹೊಣೆ ಯಾರು?

ಬಿತ್ತನೆ ಬೀಜ ಕೊಳ್ಳುವಾಗ ತಿಳಿವಳಿಕೆಯುಳ್ಳ ಬೇಸಾಯಗಾರರು ಚೀಲದ ಬಾಯಿಗೆ ಹೊಲಿದಿರುವ ಚೀಟಿಗಳನ್ನು ಮೊದಲು ನೋಡುತ್ತಾರೆ. ಪ್ರಮಾಣಿತ ಬೀಜಕ್ಕೆ ನೀಲಿ ಚೀಟಿ ಇರಬೇಕು. ತಳಿ ಯಾವುದು, ತಂಡದ ಸಂಖ್ಯೆ ಎಷ್ಟು, ಮೊಳಕೆ ಪ್ರಮಾಣ ಶೇಕಡ ಎಷ್ಟು, ಪರೀಕ್ಷೆ ಮಾಡಿದ ದಿನ ಯಾವುದು, ಬೀಜ ಉತ್ಪಾದಿಸಿದವರು ಯಾರು ಎಂಬುದೆಲ್ಲವೂ ಅಲ್ಲಿ ನಮೂದಾಗಿರಬೇಕು. 1966ರ ಬೀಜ ಅಧಿನಿಯಮದಿಂದ ಬಂದ ಈ ಕಟ್ಟುಪಾಡು ರೈತರಿಗೆ ಈಗ ಅಭ್ಯಾಸವಾಗಿ ಹೋಗಿದೆ. ಬೀಜ ಮೊಳೆಯದಿದ್ದರೆ ಯಾರನ್ನು ಕೇಳಬೇಕೆಂಬುದು ಆ ಚೀಟಿಯಿಂದ ತಿಳಿಯುತ್ತದೆ.

ಆದರೆ ಈಚಿನ ವರ್ಷಗಳಲ್ಲಿ ರೈತರ ಮನೆಬಾಗಿಲಿಗೆ ಇನ್ನೊಂದು ವಸ್ತು ಬರುತ್ತಿದೆ. ಅದಕ್ಕೆ ಚೀಟಿಯಿಲ್ಲ. ಅದೇ ಗಣಕಯಂತ್ರ ಕೊಡುವ ಸಲಹೆ. ಇಷ್ಟು ಯೂರಿಯಾ ಹಾಕಿರಿ, ಇಂತಹ ಔಷಧಿ ಸಿಂಪಡಿಸಿರಿ, ಈ ವಾರ ಬಿತ್ತಿರಿ ಎಂದು ಮೊಬೈಲ್ ಫೋನು ಹೇಳುತ್ತದೆ. ಪಿಎಂ ಕಿಸಾನ್ ಯೋಜನೆಯ ಪ್ರಶ್ನೆಗಳಿಗೆ ಯಂತ್ರವೇ ಉತ್ತರಿಸುವ ಕಿಸಾನ್ ಇ-ಮಿತ್ರ 2023ರಲ್ಲಿ ಬಂತು. ಬೆಳೆಯ ಚಿತ್ರ ಕಳುಹಿಸಿದರೆ ಕೀಟವನ್ನು ಗುರುತಿಸುವ ರಾಷ್ಟ್ರೀಯ ಕೀಟ ಸರ್ವೇಕ್ಷಣಾ ವ್ಯವಸ್ಥೆ 2024ರ ಆಗಸ್ಟ್‌ನಲ್ಲಿ ಆರಂಭವಾಯಿತು. ಖಾಸಗಿ ಸಂಸ್ಥೆಗಳ ಆಪ್‌ಗಳಿಗಂತೂ ಲೆಕ್ಕವಿಲ್ಲ. ಇವುಗಳಿಂದ ಉಪಯೋಗವಿದೆ ಎಂಬುದು ನಿರ್ವಿವಾದ. ಆದಾಗ್ಯೂ ಸಲಹೆ ತಪ್ಪಾಗಿ ಬೆಳೆ ಕೆಟ್ಟಾಗ ಉತ್ತರ ಹೇಳಬೇಕಾದವರು ಯಾರು ಎಂಬ ಪ್ರಶ್ನೆಯನ್ನು ನಾವು ಈಗಲೇ ಇತ್ಯರ್ಥ ಮಾಡಿಕೊಳ್ಳದಿದ್ದರೆ ಮುಂದೆ ತೊಂದರೆ ಅನುಭವಿಸುವವರು ಬೇಸಾಯಗಾರರೇ.

ಸೂತ್ರ ಹೊಸದೇನಲ್ಲ

ಆಲ್ಗಾರಿದಂ ಎಂಬ ಹೆಸರು ಕೇಳಿ ಯಾರೂ ಗಾಬರಿಯಾಗಬೇಕಿಲ್ಲ. ಒಂದಾದ ಮೇಲೊಂದರಂತೆ ಗೊತ್ತುಪಡಿಸಿದ ಲೆಕ್ಕದ ಹೆಜ್ಜೆಗಳಿಗೆ ಆ ಹೆಸರು. ಬೇಸಾಯ ಶಾಸ್ತ್ರದಲ್ಲಿ ಇದು ಬಹಳ ಹಿಂದಿನಿಂದಲೂ ಬಳಕೆಯಲ್ಲಿದೆ. ನಿರ್ದಿಷ್ಟ ಇಳುವರಿಗೆ ಬೇಕಾಗುವ ಗೊಬ್ಬರವನ್ನು ಲೆಕ್ಕ ಹಾಕುವ ಕ್ರಮವನ್ನು ರಾಮಮೂರ್ತಿ ಮತ್ತು ಅವರ ಸಂಗಡಿಗರು 1967ರಲ್ಲಿ ನಮ್ಮ ದೇಶಕ್ಕೆ ಹೊಂದುವಂತೆ ರೂಪಿಸಿದರು. ಒಂದು ಕ್ವಿಂಟಾಲ್ ಧಾನ್ಯ ಬೆಳೆಯಲು ಬೆಳೆ ಹೀರುವ ಪೋಷಕಾಂಶವೆಷ್ಟು, ಅದರಲ್ಲಿ ಮಣ್ಣು ಒದಗಿಸುವ ಭಾಗವೆಷ್ಟು, ಹಾಕಿದ ಗೊಬ್ಬರದಲ್ಲಿ ಬೆಳೆಗೆ ದಕ್ಕುವುದೆಷ್ಟು ಎಂಬ ಮೂರು ಅಂಶಗಳನ್ನು ಪ್ರಯೋಗದ ತಾಕುಗಳಲ್ಲಿ ಅಳೆದು ಸಮೀಕರಣ ಸಿದ್ಧಪಡಿಸುತ್ತಾರೆ. ರೈತರ ಮಣ್ಣು ಪರೀಕ್ಷೆಯ ಅಂಕಿಗಳನ್ನು ಅದರಲ್ಲಿ ತುಂಬಿದರೆ ಗೊಬ್ಬರದ ಪ್ರಮಾಣ ಸಿಗುತ್ತದೆ.

ಈ ಸೂತ್ರದ ಹಿಂದೆ ಅದನ್ನು ಕಂಡುಹಿಡಿದವರ ಹೆಸರಿದೆ, ಪ್ರಯೋಗ ನಡೆದ ಸ್ಥಳವಿದೆ, ಮಣ್ಣಿನ ವರ್ಗವಿದೆ, ಬೆಳೆಯ ಹೆಸರಿದೆ. ಕೃಷಿ ವಿಶ್ವವಿದ್ಯಾನಿಲಯದ ಶಿಫಾರಸು ಹೊರಬೀಳುವ ಕ್ರಮವೂ ಹೀಗೆಯೇ. ಮೊದಲು ಸಂಶೋಧನಾ ಕೇಂದ್ರದಲ್ಲಿ ಪ್ರಯೋಗ, ಬಳಿಕ ಹಲವು ಸ್ಥಳಗಳಲ್ಲಿ ಪರೀಕ್ಷೆ, ಆಮೇಲೆ ರೈತರ ಹೊಲಗಳಲ್ಲಿ ಪರಿಶೀಲನೆ, ಕೊನೆಗೆ ವಿಜ್ಞಾನಿಗಳೂ ಇಲಾಖೆಯ ಅಧಿಕಾರಿಗಳೂ ಕೂಡಿ ಚರ್ಚಿಸುವ ಸಭೆ. ಅಲ್ಲಿ ಒಪ್ಪಿಗೆಯಾದ ಮೇಲೆಯೇ ಸುಧಾರಿತ ಬೇಸಾಯ ಕ್ರಮಗಳ ಕೈಪಿಡಿಯಲ್ಲಿ ಅದಕ್ಕೆ ಸ್ಥಾನ. ಶಿಫಾರಸು ಸರಿಬರದಿದ್ದರೆ ಅದೇ ಸಭೆಯಲ್ಲಿ ಅದನ್ನು ತಿದ್ದುತ್ತಾರೆ ಅಥವಾ ಕೈಬಿಡುತ್ತಾರೆ. ಮನುಷ್ಯರು ಮಾಡಿದ ಶಿಫಾರಸುಗಳೂ ತಪ್ಪುವುದುಂಟು. ಆದರೆ ಅವುಗಳನ್ನು ತಿದ್ದಲು ದಾರಿಯೂ ಇದೆ, ತಿದ್ದುವ ಜನರೂ ಇದ್ದಾರೆ.

ಹೊಸ ಬಗೆಯ ಯಂತ್ರಗಳ ರೀತಿ ಸ್ವಲ್ಪ ಬೇರೆ. ಇವಕ್ಕೆ ಯಾರೂ ಹೆಜ್ಜೆ ಹೆಜ್ಜೆಯಾಗಿ ಸೂತ್ರ ಬರೆದುಕೊಡುವುದಿಲ್ಲ. ಸಾವಿರಾರು ಚಿತ್ರಗಳನ್ನೋ ಅಂಕಿಗಳನ್ನೋ ತೋರಿಸಿದರೆ ಹೋಲಿಕೆಯನ್ನು ತಾವೇ ಕಲಿತುಕೊಳ್ಳುತ್ತವೆ. ಹತ್ತಿಯ ಎಲೆ ಕೆಂಪಾಗುವುದನ್ನೇ ನೋಡೋಣ. ಹಸಿರು ಜಿಗಿಹುಳು ರಸ ಹೀರಿದರೂ ಎಲೆ ಕೆಂಪಾಗುತ್ತದೆ, ಮೆಗ್ನೀಷಿಯಂ ಕೊರತೆಯಾದರೂ ಕೆಂಪಾಗುತ್ತದೆ. ಜಿಗಿಹುಳುವಿನ ಚಿತ್ರಗಳನ್ನೇ ಹೆಚ್ಚಾಗಿ ಕಂಡು ಕಲಿತ ಯಂತ್ರ ಕೆಂಪು ಎಲೆಯನ್ನೆಲ್ಲ ಹುಳದ ಬಾಧೆಯೆಂದೇ ಹೇಳೀತು. ರೈತರು ಔಷಧಿಗೆ ಹಣ ಸುರಿಯುತ್ತಾರೆ. ಬೆಳೆಗೆ ಬೇಕಾಗಿದ್ದುದು ಮೆಗ್ನೀಷಿಯಂ ಸಲ್ಫೇಟ್. ಎಲೆಯನ್ನು ತಿರುಗಿಸಿ ಅಡಿಭಾಗದಲ್ಲಿ ಹುಳವಿದೆಯೇ ಎಂದು ನೋಡುವ ಕೈ ಯಂತ್ರಕ್ಕಿಲ್ಲ. ಯಾವ ಚಿತ್ರಗಳನ್ನು ತೋರಿಸಬೇಕೆಂದು ನಿರ್ಧರಿಸಿದವರು ಮಾತ್ರ ಮನುಷ್ಯರೇ.

ಲೆಕ್ಕ ಸರಿ, ಆಧಾರ ತಪ್ಪು

ಹೊಣೆಗಾರಿಕೆ ಹೇಗೆ ತಪ್ಪಿಹೋಗುತ್ತದೆ ಎಂಬುದಕ್ಕೆ ಆಸ್ಟ್ರೇಲಿಯ ದೇಶದಲ್ಲಿ ನಡೆದ ಒಂದು ಪ್ರಕರಣ ತಕ್ಕ ನಿದರ್ಶನ. ಅದು ಕೃಷಿಗೆ ಸೇರಿದ್ದಲ್ಲವಾದರೂ ಅದರಲ್ಲಿ ಅಡಗಿರುವ ತಪ್ಪು ಮಳೆಯಾಶ್ರಿತ ಬೇಸಾಯ ಮಾಡುವವರಿಗೆ ಕೂಡಲೇ ಅರ್ಥವಾಗುವಂತಹುದು.

ಅಲ್ಲಿ ಉದ್ಯೋಗವಿಲ್ಲದವರಿಗೂ ಅಲ್ಪ ಆದಾಯದವರಿಗೂ ಸರ್ಕಾರ ಸಹಾಯಧನ ಕೊಡುತ್ತದೆ. ಪಡೆಯುವವರು ಹದಿನಾಲ್ಕು ದಿನಗಳಿಗೊಮ್ಮೆ ತಮ್ಮ ಸಂಪಾದನೆಯನ್ನು ತಿಳಿಸಬೇಕು. ಸಹಾಯಧನ ಹೆಚ್ಚಾಗಿ ಪಡೆದವರನ್ನು ಹುಡುಕಿ ವಸೂಲಿ ಮಾಡಲು 2015ರಲ್ಲಿ ಒಂದು ಯೋಜನೆ ರೂಪುಗೊಂಡಿತು. 2016ರಿಂದ ಗಣಕಯಂತ್ರವೇ ಸಾಲದ ನೋಟೀಸುಗಳನ್ನು ಹೊರಡಿಸತೊಡಗಿತು. ಜನ ಅದನ್ನು ರೋಬೋಡೆಟ್ ಎಂದು ಕರೆದರು. ತೆರಿಗೆ ಇಲಾಖೆಯಲ್ಲಿದ್ದ ವಾರ್ಷಿಕ ಆದಾಯವನ್ನು ಯಂತ್ರ 26 ಕಂತುಗಳಿಗೆ ಸಮನಾಗಿ ಹಂಚಿ, ಆ ಸರಾಸರಿಗೂ ವ್ಯಕ್ತಿ ತಿಳಿಸಿದ್ದ ಸಂಪಾದನೆಗೂ ಇದ್ದ ವ್ಯತ್ಯಾಸದ ಆಧಾರದ ಮೇಲೆ ಸಾಲವನ್ನು ಲೆಕ್ಕ ಹಾಕುತ್ತಿತ್ತು. ಆರು ತಿಂಗಳು ದುಡಿದು ಇನ್ನಾರು ತಿಂಗಳು ಕೆಲಸವಿಲ್ಲದೆ ಸಹಾಯಧನ ಪಡೆದವನು ಈ ಲೆಕ್ಕದಲ್ಲಿ ವರ್ಷವಿಡೀ ದುಡಿದಂತೆ ಕಾಣುತ್ತಿದ್ದನು.

ಇದನ್ನು ನಮ್ಮ ಮಳೆಗೆ ಹೋಲಿಸಿ ನೋಡಬಹುದು. ಒಂದೂರಿನಲ್ಲಿ ವರ್ಷಕ್ಕೆ 780 ಮಿ.ಮೀ. ಮಳೆಯಾಗುತ್ತದೆ ಎಂದುಕೊಳ್ಳೋಣ. ಅದನ್ನು 26ರಿಂದ ಭಾಗಿಸಿದರೆ ಪ್ರತಿ ಹದಿನಾಲ್ಕು ದಿನಕ್ಕೆ 30 ಮಿ.ಮೀ. ಎಂದಾಗುತ್ತದೆ. ಭಾಗಾಕಾರದಲ್ಲಿ ತಪ್ಪೇನೂ ಇಲ್ಲ. ಆದರೆ ಆ ಲೆಕ್ಕ ನಂಬಿ ಫೆಬ್ರವರಿಯಲ್ಲಿ ಖುಷ್ಕಿ ರಾಗಿ ಬಿತ್ತುವವರು ಯಾರು? ತೆನೆ ಒಡೆಯುವ ಕಾಲಕ್ಕೆ ಮಳೆ ಕೈಕೊಟ್ಟ ಹೊಲಕ್ಕೆ ವಾರ್ಷಿಕ ಸರಾಸರಿಯಿಂದ ಒಂದು ಹನಿಯೂ ಸಿಗದು.

ಇದಕ್ಕಿಂತ ದೊಡ್ಡ ಅನ್ಯಾಯವೆಂದರೆ, ನೋಟೀಸು ತಪ್ಪೆಂದು ರುಜುವಾತು ಮಾಡುವ ಹೊರೆಯನ್ನು ನೋಟೀಸು ಪಡೆದವರ ಮೇಲೆಯೇ ಹೊರಿಸಿದ್ದು. ವರ್ಷಗಳ ಹಿಂದಿನ ಸಂಬಳದ ಚೀಟಿಗಳನ್ನು ಅವರೇ ಹುಡುಕಿ ತರಬೇಕಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು. 2019ರ ನವೆಂಬರಿನಲ್ಲಿ ಅಲ್ಲಿನ ಫೆಡರಲ್ ನ್ಯಾಯಾಲಯದಲ್ಲಿ ಇಂತಹ ಸಾಲಕ್ಕೆ ಕಾನೂನಿನ ಆಧಾರವಿಲ್ಲವೆಂದು ತೀರ್ಮಾನವಾಯಿತು. 2020ರ ಮೇ ತಿಂಗಳಿನಲ್ಲಿ ಸರ್ಕಾರ ಸುಮಾರು 4,70,000 ಸಾಲಗಳಿಗೆ ಸಂಬಂಧಿಸಿದ 72 ಕೋಟಿ 10 ಲಕ್ಷ ಡಾಲರುಗಳನ್ನು ಹಿಂದಿರುಗಿಸುವುದಾಗಿ ಪ್ರಕಟಿಸಿತು. ಬಳಿಕ ನೇಮಕವಾದ ರಾಯಲ್ ಕಮಿಷನ್ 2023ರ ಜುಲೈನಲ್ಲಿ ವರದಿ ಕೊಟ್ಟಿತು. ಅದು ವಿಚಾರಣೆಗೆ ಕರೆದದ್ದು ಯಂತ್ರವನ್ನಲ್ಲ. ಮಂತ್ರಿಗಳನ್ನೂ ಇಲಾಖೆಯ ಕಾರ್ಯದರ್ಶಿಗಳನ್ನೂ ಕಾನೂನು ಅಧಿಕಾರಿಗಳನ್ನೂ ಕರೆದು, ಈ ಸರಾಸರಿಯನ್ನು ಒಪ್ಪಿದವರು ಯಾರು, ಎಚ್ಚರಿಕೆಯ ಮಾತನ್ನು ಬದಿಗಿಟ್ಟವರು ಯಾರು ಎಂದು ಕೇಳಿತು. ಈ ಪ್ರಶ್ನೆಯನ್ನು ಮೊದಲ ನೋಟೀಸು ಹೊರಡುವ ಮುನ್ನ ಕೇಳಿದ್ದರೆ ಲಕ್ಷಾಂತರ ಜನರ ಸಂಕಟ ತಪ್ಪುತ್ತಿತ್ತು.

ನಮ್ಮ ನೆರೆಯಲ್ಲೂ ಇದಕ್ಕೆ ಸಮೀಪದ ಉದಾಹರಣೆಯುಂಟು. ತೆಲಂಗಾಣದಲ್ಲಿ 2016ರಿಂದೀಚೆಗೆ ಸುಮಾರು 19 ಲಕ್ಷ ಪಡಿತರ ಚೀಟಿಗಳು ರದ್ದಾಗಿದ್ದವು. ಗಣಕಯಂತ್ರದ ವಿಶ್ಲೇಷಣೆಯನ್ನು ನೆಚ್ಚಿ ಮಾಡಿದ ಈ ರದ್ದತಿಯ ಬಗ್ಗೆ, ಸ್ಥಳ ಪರಿಶೀಲನೆ ನಡೆಸಿ ಮತ್ತೆ ನೋಡಬೇಕೆಂದು ಸರ್ವೋಚ್ಚ ನ್ಯಾಯಾಲಯ 2022ರಲ್ಲಿ ರಾಜ್ಯಕ್ಕೆ ಆದೇಶಿಸಿತು. ಮನೆಗೆ ಹೋಗಿ ನೋಡುವ ಕೆಲಸವನ್ನು ಮೊದಲೇ ಮಾಡಬೇಕಾಗಿತ್ತು.

ನಮ್ಮ ಹೊಲದಲ್ಲಿ ಇದೇ ತಪ್ಪು

ಈಗ ನಮ್ಮ ಬೇಸಾಯಕ್ಕೆ ಬರೋಣ. ಮಣ್ಣಿನಲ್ಲಿರುವ ರಂಜಕವನ್ನು ಕೆಲವು ಪ್ರಯೋಗಾಲಯಗಳು ರಂಜಕವೆಂದೇ ವರದಿ ಮಾಡುತ್ತವೆ, ಕೆಲವು ರಂಜಕದ ಪೆಂಟಾಕ್ಸೈಡ್ ರೂಪದಲ್ಲಿ ವರದಿ ಮಾಡುತ್ತವೆ. ಮೊದಲನೆಯದನ್ನು 2.29ರಿಂದ ಗುಣಿಸಿದರೆ ಎರಡನೆಯದು ಸಿಗುತ್ತದೆ. ಹೆಕ್ಟೇರಿಗೆ 10 ಕಿಲೋ ರಂಜಕವೆಂದರೆ 22.9 ಕಿಲೋ ಪೆಂಟಾಕ್ಸೈಡ್. ಪ್ರಯೋಗಾಲಯ ರಂಜಕದ ಅಂಕಿಯನ್ನು ಕೊಟ್ಟು, ಯಂತ್ರ ಅದನ್ನು ಪೆಂಟಾಕ್ಸೈಡೆಂದು ಭಾವಿಸಿದರೆ ನಿಮ್ಮ ಮಣ್ಣು ಇರುವುದರ ಅರ್ಧಕ್ಕಿಂತ ಕಡಿಮೆ ಫಲವತ್ತಾಗಿ ಕಾಣುತ್ತದೆ. ಬೇಡದ ಡಿಎಪಿಗೆ ಹಣ ಹೋಗುತ್ತದೆ. ತಪ್ಪು ತಿರುಗುಮುರುಗಾದರೆ ಬೆಳೆ ಹಸಿದು ನಿಲ್ಲುತ್ತದೆ. ಎರಡು ಸಂದರ್ಭಗಳಲ್ಲೂ ಅಚ್ಚಾಗಿ ಬರುವ ಚೀಟಿ ಒಂದೇ ರೀತಿ ಅಂದವಾಗಿರುತ್ತದೆ.

ಮಣ್ಣು ಆರೋಗ್ಯ ಚೀಟಿಯ ಯೋಜನೆ 2015ರ ಫೆಬ್ರವರಿಯಲ್ಲಿ ಆರಂಭವಾದಾಗ ನೀರಾವರಿಯಲ್ಲಿ 2.5 ಹೆಕ್ಟೇರಿಗೆ ಒಂದು, ಖುಷ್ಕಿಯಲ್ಲಿ 10 ಹೆಕ್ಟೇರಿಗೆ ಒಂದು ಮಾದರಿ ತೆಗೆಯಬೇಕೆಂದು ಗೊತ್ತುಪಡಿಸಿದ್ದರು. ಹತ್ತು ಹೆಕ್ಟೇರೆಂದರೆ ಸುಮಾರು 25 ಎಕರೆ. ಅಷ್ಟರಲ್ಲಿ ಹಲವು ಹಿಡುವಳಿಗಳಿರಬಹುದು, ದಿಣ್ಣೆಯೂ ತಗ್ಗೂ ಇರಬಹುದು. ದೇಶವ್ಯಾಪಿ ಕೆಲಸಕ್ಕೆ ಇಂತಹ ಒಂದು ಮಿತಿ ಅನಿವಾರ್ಯ. ಆದರೆ ಮಾದರಿ ತಮ್ಮ ಹೊಲದ್ದೋ ಪಕ್ಕದ ಹೊಲದ್ದೋ ಎಂಬುದು ರೈತರಿಗೆ ತಿಳಿದಿರಬೇಕು. ಯಂತ್ರಕ್ಕೆ ಆ ಭೇದ ಗೊತ್ತಿಲ್ಲ. ತುಂಬಿದ ಅಂಕಿಯನ್ನು ಅದು ಗುಣಿಸುತ್ತದೆ, ಅಷ್ಟೆ.

ಬೆಳೆ ವಿಮೆಯ ಲೆಕ್ಕವನ್ನೂ ಪರಿಶೀಲಿಸಬಹುದು. 2016ರಲ್ಲಿ ಜಾರಿಗೆ ಬಂದ ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ, ಮೊದಲೇ ಗೊತ್ತುಪಡಿಸಿದ ಪ್ರಾರಂಭಿಕ ಇಳುವರಿಗಿಂತ ಆ ವರ್ಷದ ಇಳುವರಿ ಎಷ್ಟು ಕಡಿಮೆಯಾಯಿತೆಂಬುದರ ಮೇಲೆ ಪರಿಹಾರ ನಿಂತಿದೆ. ಪ್ರಾರಂಭಿಕ ಇಳುವರಿ ಹೆಕ್ಟೇರಿಗೆ 12 ಕ್ವಿಂಟಾಲ್, ಬಂದ ಇಳುವರಿ 9 ಕ್ವಿಂಟಾಲ್ ಎಂದಾದರೆ ಕೊರತೆ ಶೇ. 25. ವಿಮಾ ಮೊತ್ತ 40,000 ರೂಪಾಯಿಯಿದ್ದರೆ ಪರಿಹಾರ 10,000 ರೂಪಾಯಿ. ಇಳುವರಿಯನ್ನು ಬೆಳೆ ಕಟಾವು ಪ್ರಯೋಗದಿಂದ ತಿಳಿಯುತ್ತಾರೆ. ಐದು ಮೀಟರ್ ಉದ್ದ, ಐದು ಮೀಟರ್ ಅಗಲದ ತಾಕೆಂದರೆ 25 ಚದರ ಮೀಟರ್, ಅಂದರೆ ಹೆಕ್ಟೇರಿನ 400ರಲ್ಲಿ ಒಂದು ಪಾಲು. ಅಲ್ಲಿ ಕಾಲು ಕಿಲೋ ಧಾನ್ಯ ತೂಕದಲ್ಲಿ ಹೆಚ್ಚುಕಡಿಮೆಯಾದರೆ ಹೆಕ್ಟೇರಿಗೆ ಒಂದು ಕ್ವಿಂಟಾಲ್ ವ್ಯತ್ಯಾಸವಾಗುತ್ತದೆ. ಎಲ್ಲ ತಾಕುಗಳಲ್ಲೂ ಅದೇ ತಪ್ಪು ನಡೆದರೆ ಮೇಲಿನ ಉದಾಹರಣೆಯಲ್ಲಿ ಒಂದು ಕ್ವಿಂಟಾಲಿನ ಬೆಲೆ ಸುಮಾರು 3,333 ರೂಪಾಯಿ ಪರಿಹಾರ. ತೂಗುವವರು ಯಾರು, ತಕ್ಕಡಿಯನ್ನು ಪರೀಕ್ಷಿಸಿದವರು ಯಾರು, ಅಂಕಿ ತುಂಬಿದವರು ಯಾರು ಎಂಬುದರಲ್ಲಿಯೇ ನ್ಯಾಯ ಅಡಗಿದೆ.

2023ರಲ್ಲಿ ಭತ್ತ ಮತ್ತು ಗೋಧಿ ಬೆಳೆಗಳ ಇಳುವರಿ ನಿರ್ಣಯದಲ್ಲಿ ಉಪಗ್ರಹ ಮುಂತಾದ ತಾಂತ್ರಿಕ ಅಂದಾಜಿಗೆ ಕನಿಷ್ಠ ಶೇ. 30ರಷ್ಟು ಪ್ರಾಮುಖ್ಯ ಕೊಡುವ ಕ್ರಮ ಜಾರಿಗೆ ಬಂತು. ಕಟಾವು ಪ್ರಯೋಗದಲ್ಲಿ ನಡೆಯಬಹುದಾದ ಕೈಚಳಕವನ್ನು ತಡೆಯಲು ಇದು ಸಹಾಯಕ. ನಾನು ಇದನ್ನು ವಿರೋಧಿಸುವುದಿಲ್ಲ. ಆದರೆ ತಾಕಿನ ಬಳಿ ಊರಿನವರು ನಿಂತು ತಕ್ಕಡಿಯನ್ನು ನೋಡಬಹುದಿತ್ತು. ಉಪಗ್ರಹದ ಲೆಕ್ಕವನ್ನು ಬದುವಿನ ಮೇಲೆ ನಿಂತು ನೋಡಲಾಗದು. ನೋಡಲಾಗದ ಲೆಕ್ಕಕ್ಕೆ ಉತ್ತರ ಹೇಳುವವರು ಇನ್ನೂ ಸ್ಪಷ್ಟವಾಗಿ ಗೊತ್ತಿರಬೇಕು.

ಹೊಣೆಯನ್ನು ಯಾರಿಗೆ ಹಂಚಬೇಕು?

"ಕೊನೆಯ ತೀರ್ಮಾನ ರೈತರದೇ" ಎಂದು ಹಲವು ಆಪ್‌ಗಳು ಸಣ್ಣ ಅಕ್ಷರದಲ್ಲಿ ಬರೆದುಕೊಂಡಿರುತ್ತವೆ. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಹೇಳಿದ ಪ್ರಮಾಣಕ್ಕಿಂತ ಹೆಚ್ಚು ಔಷಧಿ ಬೆರೆಸಿದರೆ, ತಳಗೊಬ್ಬರವನ್ನು ತಡಮಾಡಿ ಹಾಕಿದರೆ ಅದು ಬೇಸಾಯಗಾರರ ಹೊಣೆ. ಆದರೆ ಸಮೀಕರಣ ಕೆಂಪು ಮಣ್ಣಿನದೋ ಎರೆ ಮಣ್ಣಿನದೋ ಎಂಬುದು ಅವರಿಗೆ ಕಾಣದಿರುವಾಗ, ಕಾಣದ ತಪ್ಪಿಗೆ ಅವರನ್ನು ಹೊಣೆ ಮಾಡುವುದು ನ್ಯಾಯವಲ್ಲ. ಕಳಪೆ ಬೀಜದಿಂದ ನಷ್ಟಕ್ಕೊಳಗಾದ ರೈತರು ಗ್ರಾಹಕರೇ ಎಂದು, ಅವರು ಗ್ರಾಹಕ ವೇದಿಕೆಯಲ್ಲಿ ಪರಿಹಾರ ಕೇಳಬಹುದೆಂದು ಸರ್ವೋಚ್ಚ ನ್ಯಾಯಾಲಯ 2012ರಲ್ಲಿ ತೀರ್ಪು ನೀಡಿತು. ಬೀಜಕ್ಕೆ ಒಪ್ಪಿದ ನ್ಯಾಯ ಸಲಹೆಗೂ ಒಪ್ಪಬೇಕು.

ನನ್ನ ಅಭಿಪ್ರಾಯದಲ್ಲಿ ಹೊಣೆ ಮೂವರದು. ಸೂತ್ರ ರಚಿಸಿದವರು ಅದು ಯಾವ ಮಣ್ಣಿಗೆ, ಯಾವ ಬೆಳೆಗೆ, ಎಲ್ಲಿಯವರೆಗೆ ಸಲ್ಲುತ್ತದೆಂದು ತಿಳಿಸಬೇಕು. ಅದನ್ನು ರೈತರಿಗೆ ಒಪ್ಪಿಸುವ ಇಲಾಖೆ, ವಿಶ್ವವಿದ್ಯಾನಿಲಯ ಅಥವಾ ಸಂಸ್ಥೆ ಸ್ಥಳೀಯವಾಗಿ ಪರೀಕ್ಷಿಸಿ ನೋಡಬೇಕು. ಎಲ್ಲಕ್ಕಿಂತ ಹೆಚ್ಚಿನ ಹೊಣೆ ಇವರದು. ಏಕೆಂದರೆ ರೈತರು ನಂಬುವುದು ಯಂತ್ರವನ್ನಲ್ಲ, ಅದರ ಮೇಲಿರುವ ಸಂಸ್ಥೆಯ ಹೆಸರನ್ನು. ಮೂರನೆಯವರು ಸಲಹೆಯನ್ನು ಕೈಗೆ ಮುಟ್ಟಿಸುವ ವಿಸ್ತರಣಾ ಕಾರ್ಯಕರ್ತರು. "ಕಂಪ್ಯೂಟರಿನಲ್ಲಿ ಹಾಗೆ ಬಂದಿದೆ" ಎಂಬುದು ಉತ್ತರವಲ್ಲ. ಕಣ್ಣೆದುರಿನ ಬೆಳೆಗೆ ಸಲಹೆ ಹೊಂದುವುದಿಲ್ಲವೆಂದು ಕಂಡುಬಂದರೆ ಅದನ್ನು ತಡೆದು ಮೇಲಿನವರಿಗೆ ಬರೆಯುವ ಅಧಿಕಾರ ಅವರಿಗಿರಬೇಕು. ಹಾಗೆ ತಡೆದವರಿಗೆ ತೊಂದರೆಯಾಗಬಾರದು.

ಇಷ್ಟೆಲ್ಲ ಕಟ್ಟುಪಾಡು ಮಾಡಿದರೆ ಹೊಸ ತಂತ್ರಜ್ಞಾನ ಹಳ್ಳಿಗೆ ಬರುವುದೇ ತಡವಾಗುತ್ತದೆ, ವಿಸ್ತರಣೆಗೆ ಸಾಕಷ್ಟು ಸಿಬ್ಬಂದಿ ಇಲ್ಲದಿರುವಾಗ ಯಂತ್ರವೇ ಗತಿ ಎಂದು ಕೆಲವರು ಹೇಳುತ್ತಾರೆ. ಈ ಮಾತನ್ನು ತಳ್ಳಿಹಾಕುವಂತಿಲ್ಲ. ದೂರದ ಹಳ್ಳಿಯವರಿಗೆ ಸಕಾಲದಲ್ಲಿ ಹವಾಮಾನದ ಸೂಚನೆ ಸಿಗುವುದು ದೊಡ್ಡ ಉಪಕಾರವೇ. ಆದರೆ ಬೀಜಕ್ಕೆ ಚೀಟಿ ಕಡ್ಡಾಯವಾದುದರಿಂದ ಒಳ್ಳೆಯ ಬೀಜ ಹಳ್ಳಿಗೆ ಬರುವುದು ನಿಲ್ಲಲಿಲ್ಲ. ಒಳ್ಳೆಯದನ್ನು ಕೆಟ್ಟದರಿಂದ ಬೇರ್ಪಡಿಸಲು ರೈತರಿಗೆ ಒಂದು ಗುರುತು ಸಿಕ್ಕಿತು. ಇನ್ನು, ಸಿಬ್ಬಂದಿ ಕಡಿಮೆಯಿದ್ದಷ್ಟೂ ಒಂದೇ ತಪ್ಪು ಒಂದೇ ದಿನದಲ್ಲಿ ಸಾವಿರಾರು ಹೊಲಗಳಿಗೆ ಮುಟ್ಟುವ ಅಪಾಯ ಹೆಚ್ಚು. ಒಬ್ಬ ಕಾರ್ಯಕರ್ತನ ತಪ್ಪು ಒಂದು ಹೋಬಳಿಗೆ ನಿಂತೀತು. ಯಂತ್ರದ ತಪ್ಪಿಗೆ ಹೋಬಳಿಯ ಎಲ್ಲೆಯಿಲ್ಲ.

ಸಲಹೆಗೂ ಒಂದು ಚೀಟಿ

ಆದುದರಿಂದ ಗಣಕಯಂತ್ರದಿಂದ ಹೊರಡುವ ಪ್ರತಿಯೊಂದು ಕೃಷಿ ಸಲಹೆಯ ಜೊತೆಗೂ ಕೆಳಗಿನ ಐದು ವಿಷಯಗಳು ಕನ್ನಡದಲ್ಲಿ ಕಡ್ಡಾಯವಾಗಿ ಇರತಕ್ಕದ್ದು ಎಂಬುದು ನನ್ನ ಸಲಹೆ.

1. ಸಲಹೆಗೆ ಆಧಾರವಾದ ಅಂಕಿಗಳು ಯಾವುವು. ಮಣ್ಣಿನ ಮಾದರಿ ಯಾವ ಸರ್ವೆ ನಂಬರಿನದು, ಯಾವ ದಿನ ತೆಗೆದದ್ದು.

2. ಸೂತ್ರವನ್ನು ಯಾವ ವಲಯದಲ್ಲಿ, ಯಾವ ಮಣ್ಣಿನಲ್ಲಿ, ಯಾವ ಬೆಳೆಯ ಮೇಲೆ ಪರೀಕ್ಷಿಸಲಾಗಿದೆ. ಪರೀಕ್ಷಿಸದಿದ್ದರೆ ಹಾಗೆಂದೇ ಬರೆಯಬೇಕು.

3. ಸಲಹೆ ಎಷ್ಟು ದಿನ ಸಲ್ಲುತ್ತದೆ. ಪ್ರಮಾಣಿತ ಬೀಜಕ್ಕೆ ಪರೀಕ್ಷೆಯ ದಿನದಿಂದ ಒಂಬತ್ತು ತಿಂಗಳ ಅವಧಿಯಿರುವಂತೆ ಇದಕ್ಕೂ ಒಂದು ಅವಧಿ ಬೇಕು.

4. ಸಲಹೆಯನ್ನು ಅನುಮೋದಿಸಿದ ಅಧಿಕಾರಿ ಅಥವಾ ವಿಜ್ಞಾನಿಯ ಹೆಸರು ಮತ್ತು ಹುದ್ದೆ.

5. ಆಕ್ಷೇಪಣೆ ಕೊಡಬೇಕಾದ ಸ್ಥಳ ಮತ್ತು ಉತ್ತರ ಸಿಗುವ ಗಡುವು. ಈ ಗಡುವು ಬೆಳೆಯ ಹಂತಕ್ಕೆ ಹೊಂದಬೇಕು. ಮೇಲುಗೊಬ್ಬರದ ಕಾಲ ಮೀರಿದ ಮೇಲೆ ಬಂದ ಉತ್ತರದಿಂದ ಪ್ರಯೋಜನವಿಲ್ಲ.

ನಾಲ್ಕನೆಯ ಅಂಶಕ್ಕೆ ನಮ್ಮ ವಿಜ್ಞಾನಿ ಮಿತ್ರರಲ್ಲಿಯೇ ವಿರೋಧ ಬರಬಹುದು. ತಾನು ರಚಿಸದ ಯಂತ್ರದ ಸಲಹೆಗೆ ತಾನೇಕೆ ರುಜು ಹಾಕಬೇಕೆಂದು ಅವರು ಕೇಳಬಹುದು. ಪ್ರಶ್ನೆ ಸರಿಯಾದುದೇ. ರುಜು ಹಾಕುವಷ್ಟು ನಂಬಿಕೆ ಇಲ್ಲದ ಸಲಹೆಯನ್ನು ರೈತರಿಗೆ ಕಳುಹಿಸಲೂಬಾರದು. ಒಂದು ಋತುವಿನ ಮಟ್ಟಿಗೆ ಸಂಶೋಧನಾ ಕೇಂದ್ರದ ತಾಕಿನಲ್ಲೂ ಕೆಲವು ರೈತರ ಹೊಲಗಳಲ್ಲೂ ಯಂತ್ರದ ಸಲಹೆಯನ್ನು ಕೈಪಿಡಿಯ ಶಿಫಾರಸಿನ ಪಕ್ಕದಲ್ಲಿಟ್ಟು ಹೋಲಿಸಿ ನೋಡಲಿ. ಗೆದ್ದರೆ ಸಂತೋಷದಿಂದ ರುಜು ಹಾಕಲಿ.

ರೈತ ಬಾಂಧವರು ಈಗಲೇ ಮಾಡಬಹುದಾದ ಕೆಲವು ಕೆಲಸಗಳಿವೆ. ಯಂತ್ರದ ಸಲಹೆಯನ್ನು ಮೊದಲ ವರ್ಷವೇ ಇಡೀ ಹೊಲಕ್ಕೆ ಅನ್ವಯಿಸದೆ ಐದು ಗುಂಟೆಯಲ್ಲಿ ಮಾಡಿ ನೋಡಿರಿ. ಬಂದ ಸಲಹೆಯನ್ನು ದಿನಾಂಕ ಸಹಿತ ಬರೆದಿಡಿರಿ ಅಥವಾ ಫೋನಿನಲ್ಲಿ ಉಳಿಸಿಕೊಳ್ಳಿರಿ. ಮುಂದೆ ಅದೇ ದಾಖಲೆ. ವಿಷದ ಔಷಧಿಯ ವಿಷಯದಲ್ಲಿ ಡಬ್ಬಿಯ ಮೇಲಿನ ಚೀಟಿಗೂ ಯಂತ್ರದ ಮಾತಿಗೂ ತಾಳೆಯಾಗದಿದ್ದರೆ ಸಿಂಪಡಿಸಬೇಡಿರಿ. ರೈತ ಸಂಪರ್ಕ ಕೇಂದ್ರದಲ್ಲಿ ಅಥವಾ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿರಿ. ಅಲ್ಲಿರುವವರನ್ನು ಸಂಕೋಚವಿಲ್ಲದೆ ಒಂದು ಪ್ರಶ್ನೆ ಕೇಳಿರಿ: "ಸ್ವಾಮಿ, ಈ ಸಲಹೆಗೆ ನೀವು ರುಜು ಹಾಕಿಕೊಡುತ್ತೀರಾ?"

ಆ ಪ್ರಶ್ನೆಗೆ ಹೌದೆನ್ನುವಂತೆ ನಮ್ಮ ಕೆಲಸವನ್ನು ಸಿದ್ಧಮಾಡಿಕೊಳ್ಳುವುದು ವಿಜ್ಞಾನಿಗಳಾದ ನಮ್ಮ ಕರ್ತವ್ಯ. ಯಂತ್ರಕ್ಕೆ ಹೊಲವಿಲ್ಲ, ಸಾಲವಿಲ್ಲ, ಮುಂದಿನ ಮುಂಗಾರಿನ ಚಿಂತೆಯೂ ಇಲ್ಲ. ಅದರ ಮಾತು ನಂಬಿ ಬಿತ್ತಿದವರಿಗೆ ಇವೆಲ್ಲವೂ ಉಂಟು. ಹೀಗಿರುವಾಗ ಯಂತ್ರವನ್ನು ಅವರ ಬಳಿಗೆ ಕಳುಹಿಸಿದವರು ಅದರ ಬೆನ್ನ ಹಿಂದೆ ಅಡಗದೆ ಮುಂದೆ ಬಂದು ನಿಲ್ಲಬೇಕು.